ಬಾಲ್ಕನಿ ಗ್ರಿಲ್ ನಿಮ್ಮದು, ಗೋಡೆ ಎಲ್ಲರದ್ದು: ಹೊರಗಿನ ಬದಲಾವಣೆಗೆ ಹೊಣೆ ಯಾರು?

ಅಪಾರ್ಟ್‌ಮೆಂಟಿಗೆ ಎರಡನೇ ಸಲ ಬಣ್ಣ ಹೊಡೆಸುವ ಹೊತ್ತಿಗೆ ಹಳೇ ಲೆಕ್ಕಗಳೆಲ್ಲ ಹೊರಗೆ ಬರುತ್ತವೆ. ಹಗ್ಗ ಕಟ್ಟಿಕೊಂಡು ಮೇಲಿಂದ ಇಳಿಯುವ ಪೇಂಟರ್‌ಗೆ ನಾಲ್ಕನೇ ಮಹಡಿಯ ಗ್ರಿಲ್ ಅಡ್ಡ ಬರುತ್ತದೆ. ಅದು ಗೋಡೆಯಿಂದ ಒಂದೂವರೆ ಅಡಿ ಆಚೆಗೆ ಚಾಚಿಕೊಂಡಿದೆ. ಅದರ ಹಿಂದಿನ ಗೋಡೆಗೆ ಬ್ರಶ್ ತಲುಪುವುದಿಲ್ಲ. ತುಕ್ಕಿನ ನೀರು ಇಳಿದು ಮೂರನೇ ಮಹಡಿಯವರ ಗೋಡೆ ಮೇಲೆ ಕೆಂಪು ಗೆರೆ ಬಿದ್ದಿದೆ. ಗ್ರಿಲ್ ಬಿಚ್ಚಬೇಕು, ಬಣ್ಣ ಆದ ಮೇಲೆ ಮತ್ತೆ ಕೂರಿಸಬೇಕು. ಆ ಖರ್ಚು ಯಾರದ್ದು?

ಮನೆಯವರು "ಕಮಿಟಿಯನ್ನು ಕೇಳಿಯೇ ಹಾಕಿಸಿದ್ದು" ಎನ್ನುತ್ತಾರೆ. ಕಮಿಟಿಯವರು "ಅದು ಹಿಂದಿನ ಕಮಿಟಿ, ನಮ್ಮ ಹತ್ತಿರ ಕಾಗದ ಇಲ್ಲ" ಎನ್ನುತ್ತಾರೆ. ಅಷ್ಟರಲ್ಲಿ ಇಂಥದ್ದೇ ಗ್ರಿಲ್ ಇರುವ ಐದನೇ ಮಹಡಿಯವರದ್ದು ಇನ್ನೊಂದು ಮಾತು: "ನಾವು ಫ್ಲ್ಯಾಟ್ ತಗೊಂಡಾಗಲೇ ಗ್ರಿಲ್ ಇತ್ತು. ಹಾಕಿಸಿದವರನ್ನು ಹೋಗಿ ಕೇಳಿ." ಮೂವರೂ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದಾರೆ. ಆದರೂ ಜಗಳ ಬಗೆಹರಿಯುವುದಿಲ್ಲ. ಯಾಕೆಂದರೆ ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಆ ಜಾಗ ಯಾರದ್ದು? ಅಲ್ಲಿ ಏನಾದರೂ ಕೂರಿಸಲು ಯಾರು ಒಪ್ಪಬೇಕು? ಕೂರಿಸಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಒಂದಕ್ಕೆ ಸಿಕ್ಕ ಉತ್ತರ ಉಳಿದೆರಡಕ್ಕೆ ಉತ್ತರ ಆಗುವುದಿಲ್ಲ. ಮುಖ್ಯವಾಗಿ, ಅಸೋಸಿಯೇಷನ್ ಒಪ್ಪಿತು ಅಂದ ಮಾತ್ರಕ್ಕೆ ಹೊಣೆ ಅಸೋಸಿಯೇಷನ್ ತಲೆಗೆ ಹೋಗುವುದಿಲ್ಲ.

ಮೊದಲು ಜಾಗದ ವಿಷಯ. ಕರ್ನಾಟಕದಲ್ಲಿ ಇದಕ್ಕೆ ಮೂಲ ಕಾನೂನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ. ಅದರ ಪ್ರಕಾರ ನೀವು ಕೊಂಡಿದ್ದು ಎರಡು ವಸ್ತು. ಒಂದು ನಿಮ್ಮ ಫ್ಲ್ಯಾಟ್. ಇನ್ನೊಂದು, ಎಲ್ಲರಿಗೂ ಸೇರಿದ ಭಾಗಗಳಲ್ಲಿ ಒಂದಿಷ್ಟು ಶೇಕಡಾ ಪಾಲು. ಕಟ್ಟಡ ನಿಂತಿರುವ ನೆಲ, ಅಡಿಪಾಯ, ಕಂಬ, ಬೀಮು, ಮುಖ್ಯ ಗೋಡೆಗಳು, ಛಾವಣಿ, ಮೆಟ್ಟಿಲು, ಕಾರಿಡಾರ್ ಎಲ್ಲವನ್ನೂ ಕಾಯ್ದೆ ಈ ಎಲ್ಲರ ಭಾಗದಲ್ಲಿ ಸೇರಿಸುತ್ತದೆ. ಈ ಪಾಲನ್ನು ಒಡೆದು "ಈ ಹತ್ತು ಅಡಿ ಗೋಡೆ ನನ್ನದು" ಎಂದು ಬೇರೆ ಮಾಡಿಕೊಳ್ಳಲು ಬರುವುದಿಲ್ಲ. ಅಂದರೆ ನಿಮ್ಮ ಬೆಡ್‌ರೂಮಿನ ಗೋಡೆಯ ಒಳಮೈಗೆ ಯಾವ ಬಣ್ಣ ಬೇಕಾದರೂ ಬಳಿಯಿರಿ. ಅದೇ ಗೋಡೆಯ ಹೊರಮೈಯಲ್ಲಿ ನಿಮಗೆ ಇರುವಷ್ಟೇ ಹಕ್ಕು ನೆಲಮಹಡಿಯವರಿಗೂ ಇದೆ.

ಬಾಲ್ಕನಿ ಇವೆರಡರ ನಡುವೆ ಬರುತ್ತದೆ, ತಕರಾರು ಜಾಸ್ತಿ ಇರುವುದೂ ಇಲ್ಲೇ. ಬಳಸುವವರು ನೀವೊಬ್ಬರೇ. ಬಾಗಿಲು ನಿಮ್ಮ ಹಾಲ್‌ನಿಂದ ಮಾತ್ರ. ಆದರೆ ಅದರ ಸ್ಲ್ಯಾಬು ಕಟ್ಟಡದ ಚೌಕಟ್ಟಿನ ಭಾಗ. ಅದರ ಹೊರ ಅಂಚು ಕಟ್ಟಡದ ಮುಖ. ಎಲ್ಲರಿಗೂ ಸೇರಿದ್ದಾದರೂ ಒಬ್ಬರಿಗೋ ಕೆಲವರಿಗೋ ಮೀಸಲಾದ ಜಾಗಕ್ಕೆ ಕಾಯ್ದೆ ಲಿಮಿಟೆಡ್ ಕಾಮನ್ ಏರಿಯಾ ಎಂಬ ವರ್ಗ ಇಟ್ಟಿದೆ. ಕಾರು ನಿಲ್ಲಿಸುವ ಜಾಗ, ಮೇಲಿನ ಮಹಡಿಯ ಮನೆಗೆ ಅಂಟಿಕೊಂಡ ಟೆರೇಸು ಹಲವು ಕಡೆ ಈ ವರ್ಗಕ್ಕೆ ಸೇರುತ್ತವೆ. ನಿಮ್ಮ ಬಾಲ್ಕನಿ ಯಾವುದರಲ್ಲಿದೆ ಎಂದು ಹೇಳುವುದು ಡೀಡ್ ಆಫ್ ಡಿಕ್ಲರೇಷನ್. ಕಟ್ಟಡವನ್ನು ಈ ಕಾಯ್ದೆಯ ಕೆಳಗೆ ತಂದು ನೋಂದಾಯಿಸಿದ ಪತ್ರ ಅದು. ಬೈಲಾಗಳೂ, ಅಂದರೆ ಅಸೋಸಿಯೇಷನ್ ನಡೆಸುವ ನಿಯಮಗಳೂ, ಅದರ ಜೊತೆಗೇ ಇರುತ್ತವೆ. ಫ್ಲ್ಯಾಟ್ ಕೊಳ್ಳುವಾಗ ಸೇಲ್ ಡೀಡನ್ನು ನಾಲ್ಕು ಸಲ ಓದಿಸುವ ನಾವು ಈ ಡಿಕ್ಲರೇಷನ್ ಪ್ರತಿ ಕೇಳುವುದೇ ಅಪರೂಪ. ಬಾಲ್ಕನಿ ಜಗಳದಲ್ಲಿ ಮೊದಲು ತೆಗೆದು ನೋಡಬೇಕಾದ ಕಾಗದ ಇದೇ.

ಇನ್ನು ಒಪ್ಪಿಗೆ. ಕಾಯ್ದೆಯ 8ನೇ ಸೆಕ್ಷನ್ ತುಂಬಾ ಬಿಗಿಯಾಗಿದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ಇಳಿಸುವ ಕೆಲಸವನ್ನು ಯಾವ ಮಾಲೀಕರೂ ಮಾಡುವಂತಿಲ್ಲ. ಗಣನೀಯವಾದ ಹೊಸ ಕಟ್ಟಡ ಭಾಗ ಸೇರಿಸುವಂತಿಲ್ಲ. ಮಾಡಲೇಬೇಕಿದ್ದರೆ ಉಳಿದ ಮಾಲೀಕರೆಲ್ಲರೂ ಮೊದಲೇ ಒಪ್ಪಬೇಕು. ಎಲ್ಲರೂ ಎಂದರೆ ಎಲ್ಲರೂ. 120 ಫ್ಲ್ಯಾಟ್ ಇರುವ ಕಡೆ 118 ಮನೆಯವರು ಸಹಿ ಹಾಕಿ, ಒಬ್ಬರೇ ಒಬ್ಬರು ಬೇಡ ಎಂದರೂ ಕೆಲಸ ನಿಲ್ಲುತ್ತದೆ. ಹಾಗಾಗಿ ಎಜಿಎಂನಲ್ಲಿ (ವಾರ್ಷಿಕ ಸಭೆಯಲ್ಲಿ) ಬಹುಮತದಿಂದ ಪಾಸಾದ ನಿರ್ಣಯ ಹಿಡಿದುಕೊಂಡು ಬಾಲ್ಕನಿಗೆ ಇಟ್ಟಿಗೆ ಗೋಡೆ ಎಬ್ಬಿಸಿ ರೂಮು ಮಾಡಿಕೊಂಡವರಿಗೆ ಕಾನೂನಿನ ಆಸರೆ ಕಡಿಮೆ.

ಹಾಗಾದರೆ ಪಾರಿವಾಳದ ಬಲೆಗೂ ಎಲ್ಲರ ಸಹಿ ಬೇಕಾ? ಬೇಡ. ಇಂಥ ಚಿಕ್ಕ ಕೆಲಸಗಳಿಗೆ ದಾರಿ ಇರುವುದು ಬೈಲಾದಲ್ಲಿ. ಈ ಕಾಯ್ದೆಯ ಮಾದರಿ ಬೈಲಾದಲ್ಲಿ ಇದಕ್ಕೆ ಸಂಬಂಧಿಸಿದ ಮಾತುಗಳಿವೆ, ಬಹಳಷ್ಟು ಅಸೋಸಿಯೇಷನ್‌ಗಳು ಅವನ್ನೇ ಎತ್ತಿ ಹಾಕಿಕೊಂಡಿರುತ್ತವೆ. ಹೊರಗೋಡೆಗೆ ಅಥವಾ ಛಾವಣಿಗೆ ವೈರಿಂಗ್, ಆಂಟೆನಾ, ಮೆಷೀನು, ಎಸಿ ಯೂನಿಟ್ ಕೂರಿಸಲು ಅಸೋಸಿಯೇಷನ್ ಅನುಮತಿ ಬೇಕು. ಕಿಟಕಿ, ಬಾಲ್ಕನಿಗಳಿಂದ ಹೊರಗೆ ಬಟ್ಟೆ ಇಳಿಬಿಡುವಂತಿಲ್ಲ ಎಂಬ ಸಾಲೂ ಇದೆ (ನಮ್ಮ ಯಾವ ಅಪಾರ್ಟ್‌ಮೆಂಟೂ ಇದನ್ನು ಪಾಲಿಸಿದ ಹಾಗೆ ಕಾಣೆ). ಫ್ಲ್ಯಾಟಿನಲ್ಲಿ ಮಾರ್ಪಾಡು ಮಾಡುವವರು ಸೆಕ್ರೆಟರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಅಸೋಸಿಯೇಷನ್ 30 ದಿನದೊಳಗೆ ಉತ್ತರ ಕೊಡದಿದ್ದರೆ ಆಕ್ಷೇಪ ಇಲ್ಲ ಎಂದೇ ಅರ್ಥ ಎಂಬ ನಿಯಮವೂ ಇಂಥ ಬೈಲಾಗಳಲ್ಲಿ ಸಿಗುತ್ತದೆ. ಇದು ಕಮಿಟಿಗಳಿಗೆ ಒಂದು ಎಚ್ಚರಿಕೆ. "ಮುಂದಿನ ಮೀಟಿಂಗ್‌ನಲ್ಲಿ ನೋಡೋಣ" ಎಂದು ಅರ್ಜಿಯನ್ನು ಡ್ರಾಯರಿನಲ್ಲಿಟ್ಟು ಕೂತರೆ ಆ ಮೌನವೇ ಒಪ್ಪಿಗೆ ಆಗಿಬಿಡಬಹುದು. ಆದರೆ ಬೈಲಾದ ಈ ಸಾಲು 8ನೇ ಸೆಕ್ಷನ್ನನ್ನು ಮೀರುವುದಿಲ್ಲ. ಕಂಬ ಕೊರೆಯಲು, ಸ್ಲ್ಯಾಬು ಚಾಚಲು ಮೌನದ ಒಪ್ಪಿಗೆ ಸಾಲದು.

ಮೂರನೆಯ ಒಪ್ಪಿಗೆ ನಗರಪಾಲಿಕೆಯದ್ದು. ಇದನ್ನು ಎಲ್ಲರೂ ಮರೆಯುತ್ತಾರೆ. ಕಟ್ಟಡಕ್ಕೆ ಮಂಜೂರಾದ ನಕ್ಷೆಯಲ್ಲಿ ಬಾಲ್ಕನಿ ಬಾಲ್ಕನಿಯಾಗಿಯೇ ಇದೆ. ಬೆಂಗಳೂರಿನ ವಲಯ ನಿಯಮಗಳಲ್ಲಿ ತೆರೆದ ಬಾಲ್ಕನಿಯನ್ನು ಎಫ್‌ಎಆರ್ (ಸೈಟಿನ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದು ಎಂಬ ಮಿತಿ) ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಮುಚ್ಚಿ ರೂಮು ಮಾಡಿದರೆ ಆ ಚದರಡಿ ಕಟ್ಟಡದ ಲೆಕ್ಕಕ್ಕೆ ಸೇರುತ್ತದೆ, ಅದು ನಕ್ಷೆಯಿಂದ ಆಚೆ ಹೋದ ಕಟ್ಟಡ ಎನಿಸಿಕೊಳ್ಳುತ್ತದೆ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಮೇಲೆ ಚಾಚಿದ ಶೆಡ್ಡಿನ ಕಥೆಯೂ ಅಷ್ಟೇ. ಇದಕ್ಕೆ ಒಪ್ಪಿಗೆ ಕೊಡುವ ಅಧಿಕಾರವೇ ಅಸೋಸಿಯೇಷನ್‌ಗೆ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಹಾಗಂತ ನಕ್ಷೆಯ ನಿಯಮ ಸಡಿಲ ಆಗಿಲ್ಲ. ಅಸೋಸಿಯೇಷನ್ ಕೊಡುವ ಎನ್‌ಓಸಿಯ ಅರ್ಥ ಇಷ್ಟೇ: "ನಮ್ಮ ಕಡೆಯಿಂದ ತಕರಾರಿಲ್ಲ." ಪಾಲಿಕೆ ನೋಟಿಸ್ ಕೊಟ್ಟರೆ ಆ ಎನ್‌ಓಸಿ ತೋರಿಸಿ ಪಾರಾಗಲು ಆಗುವುದಿಲ್ಲ.

ಈಗ ಹೊಣೆ. ಮೂಲ ಸೂತ್ರ ಕಷ್ಟದ್ದಲ್ಲ. ಕಟ್ಟಡದ ಜೊತೆ ಬಂದದ್ದನ್ನು ಎಲ್ಲರ ಮೇಂಟೆನೆನ್ಸ್ ದುಡ್ಡಿನಲ್ಲಿ ಅಸೋಸಿಯೇಷನ್ ನೋಡಿಕೊಳ್ಳುತ್ತದೆ. ನೀವು ಸೇರಿಸಿದ್ದನ್ನು ನೀವು ನೋಡಿಕೊಳ್ಳಬೇಕು. ನಿಮ್ಮ ತಪ್ಪಿನಿಂದ ಎಲ್ಲರ ಭಾಗಕ್ಕೆ ಹಾನಿಯಾದರೆ ರಿಪೇರಿ ಖರ್ಚನ್ನು ನೀವು ಅಸೋಸಿಯೇಷನ್‌ಗೆ ಕಟ್ಟಿಕೊಡಬೇಕು. ಈ ಕೊನೆಯ ಮಾತು ಮಾದರಿ ಬೈಲಾದಲ್ಲೂ ಇದೆ. ಅನುಮತಿ ತೆಗೆದುಕೊಂಡಿದ್ದೀರಾ ಇಲ್ಲವಾ ಎಂಬುದು ಇಲ್ಲಿ ಎರಡನೇ ವಿಷಯ. ಅನುಮತಿ ಇದ್ದರೆ ನಿಮ್ಮ ಗ್ರಿಲ್ ತೆಗೆಸಲು ಬರುವುದಿಲ್ಲ. ಅದರ ತುಕ್ಕು ಮಾತ್ರ ನಿಮ್ಮದೇ.

ಹೇಳಲು ಸುಲಭ. ನೀರು ಸೋರಲು ಶುರುವಾದಾಗ ಗೊತ್ತಾಗುತ್ತದೆ ಕಷ್ಟ. ಎಸಿ ಹಾಕುವ ಹುಡುಗ ಹೊರಗೋಡೆಗೆ ತೂತು ಕೊರೆದು ತಾಮ್ರದ ಪೈಪ್ ತೂರಿಸುತ್ತಾನೆ. ತೂತು ಹೊರಕ್ಕೆ ಇಳಿಜಾರಾಗಿರಬೇಕು. ಅವಸರದಲ್ಲಿ ಒಳಕ್ಕೆ ಇಳಿಜಾರಾಗಿರುತ್ತದೆ. ಸುತ್ತ ಮೆತ್ತಿದ ಸಿಲಿಕಾನ್ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಮುಂಗಾರಿನ ಅಡ್ಡಮಳೆ ಹೊಡೆದಾಗ ನೀರು ಗೋಡೆಯೊಳಗೆ ಹೋಗಿ, ಸ್ಲ್ಯಾಬಿನ ಅಂಚು ಹಿಡಿದು ಸಾಗಿ, ಕೆಳಗಿನ ಮನೆಯ ಬೆಡ್‌ರೂಮಿನ ಮೂಲೆಯಲ್ಲಿ ಬಣ್ಣ ಉಬ್ಬಿಸುತ್ತದೆ. ಕೆಳಗಿನವರು ಅಸೋಸಿಯೇಷನ್ ಅನ್ನು ಕೇಳುತ್ತಾರೆ, ಹೊರಗೋಡೆ ಎಲ್ಲರದ್ದು ಅಲ್ವಾ? ಅಸೋಸಿಯೇಷನ್ ಮೇಲಿನವರತ್ತ ಕೈ ತೋರಿಸುತ್ತದೆ. ಮೇಲಿನವರು ಹೊರಗಿನ ಗಾರೆಯಲ್ಲಿ ಮೊದಲಿಂದಲೂ ಇದ್ದ ಬಿರುಕು ತೋರಿಸುತ್ತಾರೆ. ಎರಡೂ ಕಾರಣ ಇರಬಹುದು. ಅಂಥಾ ಕಡೆ ಖರ್ಚು ಹಂಚಿಕೊಳ್ಳುವುದೇ ನ್ಯಾಯ ಅನಿಸುತ್ತದೆ ನನಗೆ. ಆದರೆ ಹೇಗೆ ಹಂಚುವುದು ಎನ್ನಲು ಕೆಲಸಕ್ಕೆ ಮೊದಲು ಆ ಗೋಡೆ ಹೇಗಿತ್ತು ಎಂಬ ದಾಖಲೆ ಬೇಕು. ತೂತು ಕೊರೆಯುವ ಮೊದಲು ನಾಲ್ಕು ಫೋಟೋ, ಆದ ಮೇಲೆ ನಾಲ್ಕು ಫೋಟೋ. ಐದು ನಿಮಿಷದ ಕೆಲಸ.

ಹೊಸ ಕಟ್ಟಡವಾದರೆ ಬಿಲ್ಡರೂ ಈ ಲೆಕ್ಕಕ್ಕೆ ಬರುತ್ತಾರೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮನೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ತಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಹೊರಗೋಡೆ ಸೋರಿದರೆ ಕೇಳಲು ಇದು ಒಳ್ಳೆಯ ಆಧಾರ. ಆದರೆ ಗೋಡೆ ತುಂಬ ನಾವೇ ತೂತು ಹೊಡೆದಿದ್ದರೆ ಬಿಲ್ಡರ್‌ಗೆ ತಪ್ಪಿಸಿಕೊಳ್ಳಲು ನೆಪ ಸಿಕ್ಕಿತು. "ನಿಮ್ಮ ಫ್ಯಾಬ್ರಿಕೇಟರ್ ಮಾಡಿದ್ದು, ನಮ್ಮ ದೋಷ ಅಲ್ಲ." ಒಂದು ಮನೆಯ ತೂತಿನಿಂದ ಇಡೀ ಬ್ಲಾಕಿನ ದೂರು ಸಡಿಲ ಆಗಬಹುದು. ಮೊದಲ ಐದು ವರ್ಷ ಹೊರಗಿನ ಕೆಲಸಕ್ಕೆ ಕಮಿಟಿ ಸ್ವಲ್ಪ ಜಾಸ್ತಿಯೇ ಬಿಗಿಯಾಗಿದ್ದರೆ ಅದನ್ನು ದಬ್ಬಾಳಿಕೆ ಎಂದುಕೊಳ್ಳಬೇಡಿ.

ಭಾರದ ವಿಷಯಕ್ಕೆ ಬರೋಣ. ಬಾಲ್ಕನಿ ಸ್ಲ್ಯಾಬು ಸಾಮಾನ್ಯವಾಗಿ ಒಂದು ಕಡೆ ಮಾತ್ರ ಕಟ್ಟಡಕ್ಕೆ ಹಿಡಿದುಕೊಂಡು ಇನ್ನೊಂದು ಕಡೆ ಗಾಳಿಯಲ್ಲಿ ನಿಂತಿರುತ್ತದೆ. ಇಂಥ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ, ಟೈಲ್ಸಿನ ಸ್ವಲ್ಪ ಕೆಳಗೆ. ನೆಲಕ್ಕೆ ಆಳವಾಗಿ ಬೋಲ್ಟ್ ಹೊಡೆದು ಕಂಬ ನಿಲ್ಲಿಸುವಾಗ ಆ ಕಂಬಿಗೇ ಡ್ರಿಲ್ ತಾಗುವ ಸಾಧ್ಯತೆ ಇರುತ್ತದೆ. ಭಾರತೀಯ ಮಾನಕದ ಪ್ರಕಾರ ವಾಸದ ಕಟ್ಟಡದ ಬಾಲ್ಕನಿಯನ್ನು ಒಂದು ಚದರ ಮೀಟರಿಗೆ ಸುಮಾರು 300 ಕೆಜಿ ಬಳಕೆಯ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಒದ್ದೆ ಮಣ್ಣು ಒಂದಡಿ ಎತ್ತರ ತುಂಬಿದರೆ ಚದರ ಮೀಟರಿಗೆ 500 ಕೆಜಿ ಹತ್ತಿರ ಬರುತ್ತದೆ. ಕೈತೋಟ ಮಾಡುವವರು ಕುಂಡದಲ್ಲಿ ಗಿಡ ಇಟ್ಟರೆ ಚಿಂತೆ ಇಲ್ಲ. ಉದ್ದಕ್ಕೂ ಕಟ್ಟೆ ಕಟ್ಟಿಸಿ ಮಣ್ಣು ತುಂಬಿಸುವುದು ಬೇರೆಯೇ ಕೆಲಸ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಕಾಗದ ಇಲ್ಲದೆ ಯಾವ ಕಮಿಟಿಯೂ ಸಹಿ ಹಾಕಬಾರದು. ಮೇಸ್ತ್ರಿ "ಏನೂ ಆಗಲ್ಲ ಸಾರ್" ಅನ್ನುವುದನ್ನು ಕಾಗದ ಅನ್ನಲಾಗದು.

ಟೆರೇಸಿನ ಜಗಳ ಇದಕ್ಕಿಂತ ಸೂಕ್ಷ್ಮ. ಮೇಲಿನ ಮನೆಯವರು ತಮಗೆ ಮೀಸಲಾದ ಟೆರೇಸಿನಲ್ಲಿ ಹುಲ್ಲುಹಾಸು, ಮರದ ನೆಲಹಾಸು ಹಾಕಿಸುತ್ತಾರೆ. ಹತ್ತು ವರ್ಷದ ಮೇಲೆ ಕೆಳಗಿನ ಮನೆ ಸೋರುತ್ತದೆ. ವಾಟರ್‌ಪ್ರೂಫಿಂಗ್ ಪದರ ಕಟ್ಟಡದ್ದು, ಅದರ ರಿಪೇರಿ ಎಲ್ಲರ ಖರ್ಚು. ಆದರೆ ಆ ಪದರ ತಲುಪಲು ಮೇಲಿನ ತೋಟ ಕಿತ್ತು ಹಾಕಬೇಕು. ಕೀಳುವ ಖರ್ಚು, ಮತ್ತೆ ಹಾಕುವ ಖರ್ಚು ತೋಟ ಮಾಡಿಸಿದವರದ್ದೇ ಎಂದು ಮೊದಲೇ ಬರೆದಿಟ್ಟುಕೊಂಡಿದ್ದರೆ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಲಕ್ಷಗಟ್ಟಲೆ ಖರ್ಚಿನ ತೋಟಕ್ಕೆ ಪರಿಹಾರ ಕೇಳುವವರು, ಸೋರುವ ಮನೆಯವರು, ಕಮಿಟಿ ಎಲ್ಲರೂ ವಕೀಲರ ಮುಂದೆ ಕೂರುತ್ತಾರೆ. ಯುಟಿಲಿಟಿಯಲ್ಲಿ ಮಳೆನೀರಿನ ಪೈಪನ್ನು ಪ್ಲೈವುಡ್ ಹೊಡೆದು ಮುಚ್ಚಿದವರಿಗೂ ಇದೇ ಮಾತು. ಎಲ್ಲರ ಭಾಗದ ರಿಪೇರಿಗಾಗಿ ಯೋಗ್ಯ ಸಮಯದಲ್ಲಿ ಫ್ಲ್ಯಾಟಿನೊಳಗೆ ಬರುವ ಹಕ್ಕನ್ನು ಕಾಯ್ದೆ ಅಸೋಸಿಯೇಷನ್‌ಗೆ ಕೊಟ್ಟಿದೆ. ಅಡ್ಡ ಕಟ್ಟಿದ ಕಬೋರ್ಡು ಆ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ.

ಗ್ರಿಲ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದು ಇಬ್ಬರು ಮಹಿಳೆಯರು ಸತ್ತರು. ಗ್ರಿಲ್ ಹಾಕಿದ ಬಾಲ್ಕನಿಯಿಂದ ಹೊರಬರಲು ದಾರಿ ಇರಲಿಲ್ಲ. ಆ ದೃಶ್ಯ ನೋಡಿದ ಎಷ್ಟೋ ಅಸೋಸಿಯೇಷನ್‌ಗಳಲ್ಲಿ ಗ್ರಿಲ್ ಪೂರ್ತಿ ನಿಲ್ಲಿಸಬೇಕು ಎಂಬ ಚರ್ಚೆ ಎದ್ದಿತು. ನನಗೆ ಅದು ಸರಿ ಕಾಣುವುದಿಲ್ಲ. ಏಳನೇ ಮಹಡಿಯಲ್ಲಿ ಅಂಬೆಗಾಲಿಡುವ ಮಗು ಇರುವ ಮನೆಗೆ ಗ್ರಿಲ್ ಷೋಕಿ ಅಲ್ಲ. ಬೇಡ ಎಂದರೆ ಅವರು ಕದ್ದು ಹಾಕಿಸುತ್ತಾರೆ, ಕಳಪೆಯಾಗಿ ಹಾಕಿಸುತ್ತಾರೆ. ಅದರ ಬದಲು ಅಸೋಸಿಯೇಷನ್ನೇ ಒಂದು ಡಿಸೈನ್ ಗೊತ್ತು ಮಾಡಲಿ. ಗೋಡೆಯ ಮಟ್ಟಕ್ಕೇ ಇರಬೇಕು, ಹೊರಗೆ ಚಾಚಬಾರದು. ಒಳಗಿನಿಂದ ತೆರೆಯುವ ಬಾಗಿಲು ಇರಬೇಕು, ಅದರ ಬೀಗದ ಕೈ ಅಲ್ಲೇ ಪಕ್ಕದಲ್ಲಿ ತೂಗುಹಾಕಿರಬೇಕು. ಬಿಚ್ಚಲು ಬರುವ ಹಾಗೆ ಬೋಲ್ಟಿನಲ್ಲಿ ಕೂರಿಸಿರಬೇಕು, ವೆಲ್ಡ್ ಮಾಡಬಾರದು. ಬಣ್ಣ ಯಾವುದು ಎಂಬುದು ಕೊನೆಯ ವಿಷಯ. ಆದರೆ ಮೀಟಿಂಗ್‌ನಲ್ಲಿ ಎರಡು ಗಂಟೆ ಅದರ ಮೇಲೇ ಹೋಗುತ್ತದೆ!

ನಿಯಮ ಮುರಿದವರನ್ನು ಏನು ಮಾಡುವುದು? ಕೆಲವು ಕಡೆ ನೀರು ನಿಲ್ಲಿಸುವುದು, ಜನರೇಟರ್ ಕರೆಂಟು ಕತ್ತರಿಸುವುದು, ಗೇಟಿನಲ್ಲಿ ಸಾಮಾನು ತಡೆಯುವುದು ನಡೆಯುತ್ತದೆ. ಇದು ಅಸೋಸಿಯೇಷನ್ ತಾನೇ ತಪ್ಪಿಗೆ ಸಿಕ್ಕಿಹಾಕಿಕೊಳ್ಳುವ ದಾರಿ. ಕಾಯ್ದೆಯ 7ನೇ ಸೆಕ್ಷನ್ ಬೇರೆ ದಾರಿ ಕೊಟ್ಟಿದೆ. ಬೈಲಾ ಪಾಲಿಸದವರಿಂದ ಬಾಕಿ ವಸೂಲಿ, ನಷ್ಟ ಪರಿಹಾರ, ಕೋರ್ಟಿನಿಂದ ತಡೆಯಾಜ್ಞೆ. ತಡೆಯಾಜ್ಞೆ ಬೇಕಿದ್ದರೆ ಕೆಲಸ ನಡೆಯುತ್ತಿರುವಾಗಲೇ ಹೋಗಬೇಕು. ಎಂಟು ವರ್ಷ ಸುಮ್ನೆ ನೋಡಿಕೊಂಡಿದ್ದು, ಆಮೇಲೆ ಜಗಳ ಆದಾಗ ಹಳೇ ಗ್ರಿಲ್ ನೆನಪಾದರೆ "ಇಷ್ಟು ದಿನ ಎಲ್ಲಿದ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಧ್ಯಕ್ಷರ ಮನೆಯ ಗಾಜಿನ ಬಾಲ್ಕನಿ ಬಿಟ್ಟು ಬೇರೆಯವರಿಗೆ ನೋಟಿಸ್ ಕೊಟ್ಟರೂ ಕೇಸು ನಿಲ್ಲುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಎಷ್ಟೋ ಅಸೋಸಿಯೇಷನ್‌ಗಳು 1972ರ ಕಾಯ್ದೆ ಬಿಟ್ಟು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿಕೊಂಡಿವೆ. ಅವಕ್ಕೆ 7 ಮತ್ತು 8ನೇ ಸೆಕ್ಷನ್‌ಗಳ ಬಲ ಸಿಗುತ್ತದೆಯಾ ಎಂಬುದೇ ವಾದದ ವಿಷಯ. ನಿಮ್ಮ ಅಸೋಸಿಯೇಷನ್ ಯಾವುದರಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.

ವಿಲ್ಲಾ, ರೋ ಹೌಸ್‌ಗಳಲ್ಲಿ ಚಿತ್ರ ಬೇರೆ. ಅಲ್ಲಿ ಸೈಟು ನಿಮ್ಮ ಹೆಸರಿನಲ್ಲೇ ಇದ್ದರೆ ಹೊರಗೋಡೆಯೂ ನಿಮ್ಮದೇ. ಕಾಂಪೌಂಡಿನ ಎತ್ತರ, ಹೊರಬಣ್ಣದ ಕಟ್ಟುಪಾಡು ಬರುವುದು ಸೇಲ್ ಡೀಡಿನಲ್ಲಿ ನೀವು ಒಪ್ಪಿ ಸಹಿ ಹಾಕಿದ ಷರತ್ತುಗಳಿಂದ. ಸೋರಿದರೂ ಬಿರಿದರೂ ನಿಮ್ಮದೇ ಖರ್ಚು.

ಇನ್ನು ಮಾರಾಟ. ಮೇಂಟೆನೆನ್ಸ್ ಬಾಕಿಯ ಬಗ್ಗೆ 1972ರ ಕಾಯ್ದೆ ಸ್ಪಷ್ಟವಾಗಿದೆ. ಫ್ಲ್ಯಾಟ್ ಮಾರಿದವರು ಉಳಿಸಿದ ಬಾಕಿಗೆ ಕೊಂಡವರೂ ಜೊತೆಯಾಗಿ ಹೊಣೆ. ಮಾಲೀಕರಷ್ಟೇ ಅಲ್ಲ, ಬಾಡಿಗೆದಾರರೂ ಬೈಲಾಗೆ ಬದ್ಧರು. ಆದರೆ ಹಳೇ ಮಾಲೀಕರು ಹಾಕಿಸಿದ ಗ್ರಿಲ್ಲನ್ನು ಹೊಸಬರೇ ನೋಡಿಕೊಳ್ಳಬೇಕು ಎಂದು ನೇರವಾಗಿ ಹೇಳುವ ಸಾಲು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಐದನೇ ಮಹಡಿಯವರ "ನಾವು ತಗೊಂಡಾಗಲೇ ಇತ್ತು" ಎಂಬ ಮಾತಿಗೆ ಜೀವ ಇರುವುದು ಇದೇ ಸಂದಿಯಲ್ಲಿ. ಇದನ್ನು ಮುಚ್ಚಲು ಎರಡು ಕೆಲಸ ಸಾಕು. ಬೈಲಾದಲ್ಲೇ ಒಂದು ಸಾಲು ಸೇರಿಸಿ, ಫ್ಲ್ಯಾಟಿಗೆ ಸೇರಿಸಿದ ಹೊರಗಿನ ವಸ್ತುವಿನ ಹೊಣೆ ಆಯಾ ಕಾಲದ ಮಾಲೀಕರದ್ದು ಎಂದು. ಮಾರಾಟದ ಹೊತ್ತಿಗೆ ಅಸೋಸಿಯೇಷನ್ ಕೊಡುವ ನೋ ಡ್ಯೂ ಪತ್ರದಲ್ಲಿ ಆ ಫ್ಲ್ಯಾಟಿನ ಹೊರಗಿನ ಬದಲಾವಣೆಗಳ ಪಟ್ಟಿಯನ್ನೂ ಹಾಕಿ, ಕೊಳ್ಳುವವರ ಸಹಿ ಪಡೆಯಿರಿ. ಕೊಳ್ಳುವವರಿಗೂ ಇದು ಒಳ್ಳೆಯದು. ಮುಚ್ಚಿದ ಬಾಲ್ಕನಿಯನ್ನು ಮೂರನೇ ಬೆಡ್‌ರೂಮ್ ಎಂದು ತೋರಿಸಿ ಬೆಲೆ ಏರಿಸುವ ಬ್ರೋಕರ್ ಮಾತಿಗೆ ಅಲ್ಲೇ ಉತ್ತರ ಸಿಗುತ್ತದೆ. ರೇರಾ ಪ್ರಕಾರ ಬಾಲ್ಕನಿ ಕಾರ್ಪೆಟ್ ಏರಿಯಾಕ್ಕೆ (ಮನೆಯೊಳಗಿನ ಬಳಕೆಯ ನೆಲದ ಅಳತೆಗೆ) ಸೇರುವುದೇ ಇಲ್ಲ.

ಅನುಮತಿ ಪತ್ರದ ಕೆಳಗೆ ಮಾಲೀಕರಿಂದ ಬರೆಸಿಕೊಳ್ಳಬೇಕಾದ ಒಪ್ಪಿಗೆಗೆ ಉದ್ದನೆಯ ವಕೀಲರ ಭಾಷೆ ಬೇಕಿಲ್ಲ. ಹೀಗಿದ್ದರೂ ನಡೆಯುತ್ತದೆ:

"ನನ್ನ ಫ್ಲ್ಯಾಟಿನ ಬಾಲ್ಕನಿಗೆ ಲಗತ್ತಿಸಿದ ಡಿಸೈನಿನ ಪ್ರಕಾರ ಗ್ರಿಲ್ ಹಾಕಿಸುತ್ತಿದ್ದೇನೆ. ಅದರ ಬಣ್ಣ, ರಿಪೇರಿ, ಭದ್ರತೆ ನನ್ನ ಹೊಣೆ. ಅದರಿಂದ ಕಟ್ಟಡಕ್ಕೆ ಅಥವಾ ಬೇರೆ ಮನೆಗೆ ಹಾನಿಯಾದರೆ ಖರ್ಚು ಕೊಡುತ್ತೇನೆ. ಕಟ್ಟಡದ ಕೆಲಸಕ್ಕಾಗಿ 15 ದಿನ ಮೊದಲು ತಿಳಿಸಿದರೆ ನನ್ನ ಖರ್ಚಿನಲ್ಲಿ ಬಿಚ್ಚಿ, ಮತ್ತೆ ಕೂರಿಸುತ್ತೇನೆ. ಫ್ಲ್ಯಾಟ್ ಮಾರುವಾಗ ಈ ಪತ್ರವನ್ನು ಕೊಳ್ಳುವವರಿಗೆ ತೋರಿಸಿ ಅವರ ಸಹಿ ಪಡೆದುಕೊಡುತ್ತೇನೆ."

ಜೊತೆಗೆ ಡಿಸೈನಿನ ಚಿತ್ರ, ಕೆಲಸದ ಮೊದಲಿನ ಮತ್ತು ನಂತರದ ಫೋಟೋ, ಹಾಕಿದವರ ಬಿಲ್ಲು. ಎರಡು ಪ್ರತಿ ಮಾಡಿ ಒಂದು ಅಸೋಸಿಯೇಷನ್‌ನಲ್ಲಿ, ಒಂದು ಫ್ಲ್ಯಾಟಿನ ಕಾಗದಗಳ ಜೊತೆ ಇಡಬೇಕು. ಪ್ರತಿ ಫ್ಲ್ಯಾಟಿಗೆ ಒಂದು ಫೈಲು ಇದ್ದು, ಕಮಿಟಿ ಬದಲಾದಾಗ ಬ್ಯಾಂಕ್ ಪಾಸ್‌ಬುಕ್ಕು, ಲಿಫ್ಟಿನ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಪತ್ರಗಳ ಜೊತೆ ಈ ಫೈಲುಗಳನ್ನೂ ಎಣಿಸಿ ಹೊಸ ಸೆಕ್ರೆಟರಿಗೆ ಒಪ್ಪಿಸಬೇಕು.